ಪುಟಾಣಿಯ ರೆಪ್ಪೆ

ನಮ್ಮೂರಿನಲ್ಲಿ ಮನೆಗೊಂದು ಚಿರತೆಹಲ್ಲಿ ಇರಲೇಬೇಕು. ಗೋಡೆಯ ಮೇಲೆ ಲೊಚಗುಟ್ಟುವ ಬಡಕಲು ಹಲ್ಲಿಯ ಮಾತಲ್ಲ. ಇದು ಗೇಣುದ್ದದ್ದು, ಹಳದಿ ಮೈತುಂಬ ಕರಿಚುಕ್ಕೆಯದು, ಮೂಲಂಗಿಯಂಥ ದಪ್ಪ ಬಾಲದ್ದು. ಗೋಡೆ ಹತ್ತುವ ಗೋಜಿಗೇ ಹೋಗದೆ ನೆಲದ ಮೇಲೆ ಠೀವಿಯಿಂದ ನಡೆಯುತ್ತದೆ. ಗೋಡೆಯ ಹಲ್ಲಿಗಿಲ್ಲದ ರೆಪ್ಪೆ ಇದರ ಕಣ್ಣಿಗಿದೆ. ಹಗಲೆಲ್ಲ ಕಣ್ಣು ಮುಚ್ಚಿ ಮಲಗುತ್ತದೆ, ದೀಪ ಹಚ್ಚುವ ಹೊತ್ತಿಗೆ ಏಳುತ್ತದೆ. ಅದು ಎಚ್ಚರವಿರುವಷ್ಟು ಹೊತ್ತು ಮನೆಯ ಸಾಮಾನು ಮನೆಯಲ್ಲೇ ಇರುತ್ತದೆ. ಅದು ಕಣ್ಣು ಮುಚ್ಚಿತೋ, ಮನೆಯವರು ಅತ್ತ ಕತ್ತು ತಿರುಗಿಸಿದ ಗಳಿಗೆ ನೋಡಿಕೊಂಡು ಸಾಮಾನು ಹೊರಟುಬಿಡುತ್ತದೆ. ನಮ್ಮ ಮನೆಯ ಸೌಟು ಹಿಂದಿನ ಓಣಿಯಲ್ಲಿ, ಹಿಂದಿನ ಓಣಿಯವರ ಚಪ್ಪಲಿ ಗೌಡರ ನಾಗಂದಿಗೆಯ ಮೇಲೆ, ನನ್ನ ಕನ್ನಡಕ ಯಾರದೋ ಹಿಟ್ಟಿನ ಡಬ್ಬಿಯಲ್ಲಿ. ಊರ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಕಲಿಸಿದ ನಾನು ಮಕ್ಕಳ ಮುಖ ಸರಿಯಾಗಿ ಕಂಡ ದಿನಗಳು ಕಡಿಮೆ.

ಇದಕ್ಕೆ ನಾವು ಹೊಂದಿಕೊಂಡುಬಿಟ್ಟಿದ್ದೇವೆ. ಹೊತ್ತು ಇಳಿಯುತ್ತಲೇ ಊರವರೆಲ್ಲ ತಮ್ಮ ಮನೆಗೆ ಬಂದ ಪರರ ಸಾಮಾನನ್ನು ಬುಟ್ಟಿಗೆ ತುಂಬಿಕೊಂಡು ಬೀದಿಗಿಳಿಯುತ್ತಾರೆ. ಅದಕ್ಕೆ ಮರಳಿಸುವ ಹೊತ್ತು ಎಂದು ಹೆಸರು. ತನ್ನದನ್ನು ಹುಡುಕಿಕೊಂಡು ಯಾರೂ ಹೋಗಬಾರದು, ಅದು ಮರ್ಯಾದೆಯಲ್ಲ. ಪರರದನ್ನು ಮುಟ್ಟಿಸಬೇಕು, ತನ್ನದು ಬರುವ ತನಕ ಸುಮ್ಮನಿರಬೇಕು. ಮುಟ್ಟಿಸಲು ಬಂದವರ ಕೈಗೆ ಏನಾದರೂ ತಿನ್ನಲು ಕೊಡದೆ ಕಳಿಸಿದರೆ ಮೂರು ಓಣಿ ದಾಟುವ ತನಕ ಬಯ್ಯಿಸಿಕೊಳ್ಳುತ್ತೀರಿ.

ಈ ಏರ್ಪಾಡು ಎಲ್ಲರಿಗೂ ಸರಿಹೋದರೂ ಗಂಗಮಾಳವ್ವನಿಗೆ ಮಾತ್ರ ಸರಿಹೋಗಿರಲಿಲ್ಲ. ಅವಳು ನನ್ನ ಗೋಡೆಯಾಚೆಯ ಮನೆಯವಳು, ಊರಿಗೆ ಒಬ್ಬಳೇ ದರ್ಜಿ. ನಲವತ್ತೈದು ದಾಟಿದ ಗಟ್ಟಿ ಹೆಂಗಸು, ಬಾಯಿಯೂ ಗಟ್ಟಿ. ಅಡುಗೆಯವರಿಗೆ ಸೌಟು ಹೋದರೆ ಚಮಚ ಇದ್ದೀತು. ದರ್ಜಿಗೆ ಕತ್ತರಿ ಹೋದರೆ ಏನು ಮಾಡುವುದು? ಒಂದು ತೋಳು ಹೊಲಿಯುವಷ್ಟರಲ್ಲಿ ಇನ್ನೊಂದು ತೋಳು ಮಾಯ. ಅವಳು ಹೊಲಿದ ರವಿಕೆ ಹೇಳಿದ ದಿನಕ್ಕೆ ಬಂದದ್ದೇ ಇಲ್ಲ. ಮದುವಣಗಿತ್ತಿಯ ರವಿಕೆ ಅವಳ ಚೊಚ್ಚಲ ಬಾಣಂತನಕ್ಕೆ ಬಂತು ಎಂದು ಊರು ಆಡಿಕೊಂಡು ನಗುತ್ತಿತ್ತು. ಗಂಗಮಾಳವ್ವನೂ ಜೊತೆಗೆ ನಗುತ್ತಿದ್ದಳು. ಒಳಗೆ ಅದು ಅವಳನ್ನು ಸುಡುತ್ತಿತ್ತು. ಕೈಯಲ್ಲಿ ಅಷ್ಟು ಚೆಂದದ ಕಸುಬಿದ್ದೂ ಮಾತು ಉಳಿಸಿಕೊಳ್ಳಲಾಗದವಳು ಎನ್ನಿಸಿಕೊಳ್ಳುವುದು ಯಾರಿಗೆ ಬೇಕು?

ಅವಳ ಹಳೆಯ ಹಲ್ಲಿ ಮುಪ್ಪಾಗಿ ತೀರಿಕೊಂಡ ಮೇಲೆ ಹೊಸ ಮರಿಗೆ ಕಾದಳು. ನಮ್ಮೂರಿನಲ್ಲಿ ಮೊಟ್ಟೆ ಮರಿಯಾಗುವುದು ದಸ್ತಗೀರನ ಬೇಕರಿಯಲ್ಲಿ. ಹಲ್ಲಿ ಇಟ್ಟ ಎರಡೆರಡು ಮೊಟ್ಟೆಯನ್ನು ಒದ್ದೆ ಮರಳು ತುಂಬಿದ ತೆಂಗಿನ ಚಿಪ್ಪಿನಲ್ಲಿ ಹುದುಗಿಸಿ, ಅವನ ಭಟ್ಟಿಯ ಹಿಂಗೋಡೆಯ ಗೂಡುಗಳಲ್ಲಿ ಇಡುತ್ತೇವೆ. ಭಟ್ಟಿಯ ಕಾವಿನಲ್ಲಿ ಒಂದೂವರೆ ಎರಡು ತಿಂಗಳಿಗೆ ಮರಿ ಹೊರಬರುತ್ತದೆ. ಆ ವರ್ಷ ಗಂಗಮಾಳವ್ವನ ಪಾಲಿನ ಚಿಪ್ಪಿನಲ್ಲಿ ಒಂದು ಮೊಟ್ಟೆ ಒಣಗಿಹೋಯಿತು. ಇನ್ನೊಂದರಿಂದ ಬಂದದ್ದು ಹುರಿಗಡಲೆ ಬಣ್ಣದ ಹೆಣ್ಣುಮರಿ. ಅದಕ್ಕೆ ಪುಟಾಣಿ ಎಂದು ಹೆಸರಿಟ್ಟಳು. ಪುಟಾಣಿಯ ಬಲಗಣ್ಣು ಸರಿಯಾಗಿತ್ತು. ಎಡಗಣ್ಣು ತುಸು ಚಿಕ್ಕದು, ಅದಕ್ಕೆ ಮೇಲುರೆಪ್ಪೆಯೇ ಇರಲಿಲ್ಲ.

"ಅಯ್ಯ, ಕಣ್ಣು ಬಾಡಿದ್ದು, ಬದಲಿ ತಗೋ" ಎಂದರು ಕಂಡವರು. ಗಂಗಮಾಳವ್ವ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮನೆಗೆ ತಂದಳು. ಮರುದಿನ ಮಧ್ಯಾಹ್ನ ಊಟಕ್ಕೆ ಎದ್ದು ಹೋಗಿ ಬಂದು ನೋಡುತ್ತಾಳೆ, ಕತ್ತರಿ ಇಟ್ಟಲ್ಲೇ ಇದೆ. ಅದರ ಮರುದಿನವೂ ಇದೆ. ದಾರದ ಉಂಡೆ, ಗುಂಡುಸೂಜಿ, ಕತ್ತರಿಸಿಟ್ಟ ತೋಳು, ಎಲ್ಲವೂ ಅಲ್ಲಲ್ಲೇ. ಪುಟಾಣಿಯ ಎಡಗಣ್ಣು ಹಗಲೂ ತೆರೆದೇ ಇತ್ತು, ಮುಚ್ಚಲು ಅದಕ್ಕೆ ಬರುತ್ತಲೇ ಇರಲಿಲ್ಲ.

ಆಮೇಲಿನ ಹನ್ನೊಂದು ತಿಂಗಳು ಗಂಗಮಾಳವ್ವನ ಜೀವನದ ಹಬ್ಬ. ಸೋಮವಾರ ಕೊಡುತ್ತೇನೆ ಎಂದ ರವಿಕೆ ಸೋಮವಾರವೇ ತಯಾರು. ಹೆಂಗಸರು ನಂಬದೆ ಮುಟ್ಟಿ ಮುಟ್ಟಿ ನೋಡಿದರು. ಕುಪ್ಪಸಕ್ಕೆ ಕಸೂತಿ ಹಾಕುವುದನ್ನು ಬಿಟ್ಟು ಯಾವ ಕಾಲವಾಗಿತ್ತೋ, ಈಗ ನವಿಲು, ತೇರು, ಹೂವು, ಏನೆಲ್ಲ ಅರಳಿತು. ಊರು ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡಿತು. ನೋಡಿದ ಮೇಲೆ ಆಸೆ ಹುಟ್ಟಿತು. "ಪುಟಾಣಿ ಮೊಟ್ಟಿ ಇಟ್ರ ಒಂದು ಮರಿ ನನಗ ಗಂಗಮಾಳಾ" ಎಂದು ಮೊದಲು ಕೇಳಿದ್ದು ಬೇರೆ ಯಾರೂ ಅಲ್ಲ, ನಾನೇ. ಕನ್ನಡಕದ ಆಸೆ.

ಆದರೆ ಆ ಕಣ್ಣಿನ ಚಾಕರಿ ಹೊರಗಿನವರಿಗೆ ಕಾಣುತ್ತಿರಲಿಲ್ಲ. ರೆಪ್ಪೆಯಿಲ್ಲದ ಕಣ್ಣು ಒಣಗುತ್ತದೆ. ಒಂದು ಅಂಗಿಯ ಅಂಚು ಮುಗಿಯುವಷ್ಟರಲ್ಲಿ ಅವಳು ಎದ್ದು ಹೋಗಿ ಕಾಯಿಸಿ ಆರಿಸಿದ ನೀರನ್ನು ಹತ್ತಿಯ ಬತ್ತಿಯಿಂದ ಹನಿಸಬೇಕು. ಧೂಳು ಬಿದ್ದರೆ ತೊಳೆಯಬೇಕು. ಪೊರೆ ಬಿಡುವಾಗ ಕಣ್ಣಂಚಿಗೆ ಅಂಟಿದ ಪೊರೆಯನ್ನು ಉಸಿರು ಹಿಡಿದು ಬಿಡಿಸಬೇಕು. ಎಡಕ್ಕೆ ಬಂದ ಮಿಡತೆ ಪುಟಾಣಿಗೆ ಮಬ್ಬುಮಬ್ಬು. ಹಾರಿ ಬಾಯಿ ಹಾಕಿದರೆ ಸಿಗುವುದು ಬರೀ ಅದರ ಪೆಟ್ಟಿಗೆಯ ಮರಳು. ಹಾಗಾಗಿ ಒಂದೊಂದೇ ಮಿಡತೆಯನ್ನು ಇಕ್ಕಳದಲ್ಲಿ ಹಿಡಿದು ತಿನ್ನಿಸಬೇಕು. ಗಂಗಮಾಳವ್ವ ಬೇಸರವಿಲ್ಲದೆ ಮಾಡಿದಳು. ಅದರ ಗುಣದಿಂದ ತಾನು ಉಣ್ಣುತ್ತಿದ್ದೇನೆ, ಇಷ್ಟು ಮಾಡದಿದ್ದರೆ ಹೇಗೆ ಎಂದು ತನಗೆ ತಾನೇ ಹೇಳಿಕೊಂಡಳು.

ಒಂದು ನಡುಮಧ್ಯಾಹ್ನ ಅವಳು ಮಿಷನ್ ತುಳಿಯುತ್ತಿದ್ದಾಗ ಪುಟಾಣಿ ತನ್ನ ಪೆಟ್ಟಿಗೆಯಿಂದ ಇಳಿದು ನಿಧಾನ ನಡೆದು ಬಂತು. ನೆಲಕ್ಕೆ ಇಳಿಬಿದ್ದಿದ್ದ ಅವಳ ಸೀರೆಯ ನೆರಿಗೆಯೊಳಗೆ ತಲೆ ತೂರಿಸಿ, ಎಡಗಣ್ಣನ್ನು ಬಟ್ಟೆಗೆ ಒತ್ತಿ ಹಿಡಿದು, ಅಲ್ಲಾಡದೆ ನಿಂತಿತು. ಅವಳು ಕಾಲು ತೆಗೆಯುವಂತಿಲ್ಲ, ಮಿಷನ್ ತುಳಿಯುವಂತಿಲ್ಲ. ಅದಕ್ಕೆ ಕತ್ತಲೆ ಬೇಕಾಗಿತ್ತು. ಎಲ್ಲ ಜೀವಕ್ಕೂ ಸುಮ್ಮನೆ ಸಿಗುವ ಒಂದಿಷ್ಟು ಕತ್ತಲೆ. ಗಂಗಮಾಳವ್ವ ಕೂತಲ್ಲೇ ಅತ್ತಳು. ಇದನ್ನು ಅವಳು ನನಗೆ ಹೇಳಿದ್ದು ಎಷ್ಟೋ ದಿನ ಕಳೆದ ಮೇಲೆ.

ಅದೇ ವಾರ ಭರಮಗೌಡರು ಕಟ್ಟೆಯ ಮೇಲೆ ಊರು ಸೇರಿಸಿದರು. ಭರಮಗೌಡರು ನಮ್ಮೂರ ಹಿರಿಯರು, ಒಳ್ಳೆಯವರು, ಆದರೆ ಒಂದು ಹಿಡಿದರೆ ಬಿಡುವವರಲ್ಲ. ಊರ ದಫ್ತರದ ಕೀಲಿಕೈ ದಿನಾ ಒಬ್ಬೊಬ್ಬರ ಮನೆಗೆ ಹೋಗುವುದು ಅವರಿಗೆ ಬಹಳ ದಿನದ ತಲೆನೋವು.

"ಪುಟಾಣಿಗೆ ಜೋಡಿ ಮಾಡೂಣು" ಎಂದರು. "ದಸ್ತಗೀರನ ಮನ್ಯಾಗ ಜೀರಿಗಿ ಅಂತ ಗಂಡು ಐತಿ. ಎರಡೆರಡು ಮೊಟ್ಟಿ ಅಂದ್ರ ವರ್ಷಕ್ಕ ಹತ್ತು ಮರಿ. ಆರು ವರ್ಷದಾಗ ಊರಿಗೆಲ್ಲ ಮುಚ್ಚಲಾರದ ಕಣ್ಣು. ಮಾಸ್ತರ, ಲೆಕ್ಕ ಸರಿ ಐತೇನು?"

ಲೆಕ್ಕ ಸರಿಯಿತ್ತು. ನಾನು ತಲೆಯಾಡಿಸಿದೆ, ನಾಚಿಕೆಯಿಲ್ಲದೆ.

ಗಂಗಮಾಳವ್ವ ಎದ್ದು ನಿಂತಳು. "ಗೌಡ್ರ, ಆ ಕಣ್ಣಿನ ಕೊರತಿ ರಕ್ತದಾಗಿಂದ ಬಂದಿದ್ರ ಹತ್ತೂ ಮರಿ ಇದರಂಗ ಒದ್ದಾಡ್ತಾವು. ಕಾವಿನಾಗಿಂದ ಬಂದಿದ್ರ ಮರಿ ಎಲ್ಲಾ ಚಲೋ ಕಣ್ಣಿನವ ಹುಟ್ತಾವು, ನಿಮಗ ಏನೂ ಸಿಗೂದಿಲ್ಲ. ಹೆಂಗ ನೋಡಿದ್ರೂ ಜೋಡಿ ಮಾಡೂದರಾಗ ಅರ್ಥ ಇಲ್ರಿ."

ಆಗ ದಸ್ತಗೀರ ಮೆಲ್ಲಗೆ ಕೆಮ್ಮಿದ. ಅವನು ತೂಕದ ಮನುಷ್ಯ, ಸುಳ್ಳು ಹೇಳಲು ಬಾರದವನು. ಹನ್ನೊಂದು ತಿಂಗಳಿಂದ ಸುಮ್ಮನಿದ್ದು ಸೊರಗಿದ್ದ.

"ತಪ್ಪು ನಂದು" ಎಂದ. "ಪುಟಾಣಿ ಮೊಟ್ಟಿ ಗೂಡಿನಾಗ ಇದ್ದಾಗ ನಾನು ತಂಗಿ ಮಗಳ ಮದಿವಿಗೆ ಹೋಗಿದ್ದೆ. ಮೂರು ದಿನ ಭಟ್ಟಿ ತಣ್ಣಗ ಬಿದ್ದಿತ್ತು. ಬಂದವನ ಅಂಜಿ, ಕಡಿಮಿ ಬಿದ್ದ ಕಾವು ತುಂಬಿಕೊಡಬೇಕಂತ ಎರಡು ದಿನ ಧಗಧಗ ಉರಿ ಹಾಕಿದೆ. ಆ ಗೂಡಿನಾಗ ಇದ್ದ ಮೊಟ್ಟಿ ಎಲ್ಲಾ ಒಣಗಿದ್ವು. ಉಳಿದಾಕಿ ಇವಳೊಬ್ಬಾಕಿ. ನಾನಾ ಕೆಡಿಸೀನಿ ಆ ಕಣ್ಣ."

ಪಾಪ, ಗಂಗಮಾಳವ್ವನಿಗೆ ಬಲ ಬರಲಿ ಎಂದು ಅವನು ಹೇಳಿದ್ದು. ಆದದ್ದೇ ಬೇರೆ. ಗೌಡರ ಮುಖ ಅರಳಿತು. "ಹಂಗಾದ್ರ ಇನ್ನೂ ಹಗುರಾತಲ್ಲ! ಜೋಡಿನೂ ಬ್ಯಾಡ ಏನೂ ಬ್ಯಾಡ. ಈ ವರ್ಷದ ಮೊಟ್ಟಿಗೆಲ್ಲ ಹಂಗಾ ಕಾವು ಕೊಡು. ಮೂರು ದಿನ ತಣ್ಣಗ, ಎರಡು ದಿನ ಬಿಸಿ." ಕಟ್ಟೆಯ ಮೇಲಿದ್ದ ಅರ್ಧ ಜನ ಹೌದು ಹೌದು ಎಂದರು. ದಸ್ತಗೀರ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕೂತ. ಗೂಡುಗಳಲ್ಲಿ ಆಗ ಇಪ್ಪತ್ತಾರು ಮೊಟ್ಟೆಗಳಿದ್ದವು.

ಕೂಗಾಡಿದರೆ ಯಾರೂ ಕೇಳುವುದಿಲ್ಲ ಎಂದು ಗಂಗಮಾಳವ್ವನಿಗೆ ಗೊತ್ತಿತ್ತು. ಸೆರಗು ಸಿಕ್ಕಿಸಿಕೊಂಡು ಹೇಳಿದಳು: "ಆಗಲಿ. ಮರಿ ಬೇಕನ್ನವರು ಒಬ್ಬೊಬ್ಬರಾಗಿ ನಮ್ಮನಿಗೆ ಬರ್ರಿ. ಬೆಳಿಗ್ಗಿಯಿಂದ ದೀಪ ಹಚ್ಚೂ ತನಕ ಒಂದು ದಿನ ಪುಟಾಣಿ ಕಣ್ಣ ನೀವು ಕಾಯ್ರಿ. ನಾನು ಕೈ ಹಚ್ಚೂದಿಲ್ಲ. ಕಾದ ಮ್ಯಾಲೂ ಬೇಕಂದವರಿಗೆ ನಾನಾ ನಿಂತು ಮರಿ ಮಾಡಿಸಿಕೊಡ್ತೀನಿ."

"ಇಷ್ಟೇನಾ?" ಎಂದರು ಗೌಡರು.

ಮೊದಲ ದಿನ ನನ್ನದು. ಲೆಕ್ಕದ ಮೇಷ್ಟ್ರಲ್ಲವೇ, ವೇಳಾಪಟ್ಟಿ ಬರೆದುಕೊಂಡು ಹೋಗಿದ್ದೆ. ಹನ್ನೆರಡು ಗಂಟೆಗೆ ವೇಳಾಪಟ್ಟಿ ಒದ್ದೆಯಾಗಿ ಓದಲು ಬಾರದಂತಾಗಿತ್ತು. ಬತ್ತಿ ಗುರಿ ತಪ್ಪಿ ನೀರು ಪುಟಾಣಿಯ ಮೂಗಿಗೆ ಹೋಯಿತು, ಅದು ಸೀನಿತು, ನಾನು ಕ್ಷಮೆ ಕೇಳಿದೆ. ಮಿಡತೆ ಇಕ್ಕಳದಿಂದ ಹಾರಿ ನನ್ನ ಅಂಗಿಯೊಳಗೆ ಹೋಗಿ ಅಲ್ಲೇ ಸಂಸಾರ ಹೂಡಿತು. ಸಂಜೆ ಎದ್ದಾಗ ಸೊಂಟ ನೆಟ್ಟಗಾಗಲಿಲ್ಲ. ಆದರೂ ಅದೇ ದಿನ ಒಂದು ಮಾತು ಅರ್ಥವಾಯಿತು: ನನ್ನ ಕನ್ನಡಕ ಕಳೆದರೆ ನನಗೆ ಮಬ್ಬು ಕಾಣುತ್ತದೆ, ಅಷ್ಟೆ. ಪುಟಾಣಿಗೆ ಕಣ್ಣೇ ಉರಿಯುತ್ತದೆ. ನನಗೆ ಮರಿ ಬೇಡ ಎಂದು ಹೇಳಿ ಹೊರಬಂದೆ.

ಎರಡನೆಯ ದಿನ ಗೌಡರ ಹೆಂಡತಿ ಚಂಬವ್ವ. ಅವಳು ಎಂಟು ಮಕ್ಕಳನ್ನು ಸಾಕಿದವಳು, ಹಲ್ಲಿ ಯಾವ ಲೆಕ್ಕ ಎಂದು ಬಂದಳು. ಚೆನ್ನಾಗಿಯೇ ನೋಡಿಕೊಂಡಳು. ಸಂಜೆ ಹೊರಡುವಾಗ ಅವಳ ಕಣ್ಣೇ ಕೆಂಪಾಗಿತ್ತು. "ಒಂದನ್ನ ಸಾಕಬಹುದು ಗಂಗಮಾಳಾ, ಬಂದದ್ದನ್ನ ಹೊರಗ ಹಾಕೂದಿಲ್ಲ" ಎಂದಳು. "ಬೇಕಂತ ಹಿಂಗ ಹುಟ್ಟಸೂದು ಮಾತ್ರ ನನ್ನಿಂದ ಆಗೂದಿಲ್ಲವಾ." ಹೀಗೇ ಒಂಬತ್ತು ದಿನ, ಒಂಬತ್ತು ಜನ. ಹಿಂದಿನ ಓಣಿಯ ಪೈಲ್ವಾನನೊಬ್ಬ ಊಟದ ಹೊತ್ತಿಗೇ ಕೈಮುಗಿದು ಓಡಿದ. ಕಟ್ಟೆಯ ಮೇಲೆ ಹೌದು ಹೌದು ಎನ್ನುವವರು ದಿನಕ್ಕೊಬ್ಬರಂತೆ ಕಡಿಮೆಯಾದರು. ಗೌಡರು ಮಾತ್ರ ಜಗ್ಗಲಿಲ್ಲ. ಹತ್ತನೆಯ ದಿನ ತಾವೇ ಬಂದು ಚಾಪೆ ಹಾಸಿಕೊಂಡು ಕೂತರು.

ಬೆಳಗ್ಗೆ ಬಹಳ ಶಿಸ್ತು. ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಪಲ್ಯ, ಮಜ್ಜಿಗೆ ಹೊಟ್ಟೆಗಿಳಿದ ಮೇಲೆ ಗೌಡರು ಗೋಡೆಗೆ ಒರಗಿದರು. ಒರಗಿದವರು ಕಣ್ಣು ಮುಚ್ಚಿದರು. ಗಂಗಮಾಳವ್ವ ಗೌಡರನ್ನು ಕೂರಿಸಿ ದಸ್ತಗೀರನ ಬೇಕರಿಯಲ್ಲಿ ಮೊಟ್ಟೆಗಳ ಕಾವು ನೋಡಲು ಹೋಗಿದ್ದಳು. ತಿರುಗಿ ಬಂದಾಗ ಗೌಡರ ಗೊರಕೆ ಬಾಗಿಲ ತನಕ ಕೇಳುತ್ತಿತ್ತು. ಪುಟಾಣಿ ಒಣಗಿದ ಕಣ್ಣನ್ನು ಕಲ್ಲಿಗೆ ಉಜ್ಜುತ್ತಿತ್ತು. ಉಜ್ಜಿ ಉಜ್ಜಿ ಕಣ್ಣಂಚು ಬಾತು, ಅದರಲ್ಲಿ ಒಂದು ಮರಳಿನ ಕಾಳು ಸಿಕ್ಕಿಕೊಂಡಿತ್ತು.

ಅವಳು ಬಯ್ಯಲಿಲ್ಲ. ಪುಟಾಣಿಯನ್ನು ಮಡಿಲಿಗೆ ತೆಗೆದುಕೊಂಡು, ಹನಿಹನಿಯಾಗಿ ನೀರು ಬಿಟ್ಟು, ಒಂದು ತಾಸು ಕಾಲ ಆ ಕಾಳನ್ನು ಜಾರಿಸಿದಳು. ಗೌಡರು ಎಚ್ಚರಾಗಿ ನೀರಿನ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತರು. ಕಾಳು ಜಾರಿ ಬಿದ್ದಾಗ ಗೌಡರೇ ದೊಡ್ಡದಾಗಿ ಉಸಿರು ಬಿಟ್ಟರು.

"ನಾ ಬರೇ ಅರ್ಧ ತಾಸು ಕಣ್ಣ ಮುಚ್ಚಿದ್ದೆ" ಎಂದರು ಸಣ್ಣ ದನಿಯಲ್ಲಿ.

"ಅದು ಕಣ್ಣ ಮುಚ್ಚದ ಹನ್ನೊಂದು ತಿಂಗಳಾತ್ರಿ ಗೌಡ್ರ" ಎಂದಳು ಅವಳು.

ಗೌಡರು ಟವೆಲ್ಲಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಬೇಕರಿಗೆ ನಡೆದರು. ಭಟ್ಟಿಯ ಕಾವು ಒಂದೇ ಸಮ ಇರಬೇಕು, ದಸ್ತಗೀರ ಊರು ಬಿಡುವ ದಿನ ಬಂದರೆ ತಾವೇ ಬಂದು ಕೂರುವುದಾಗಿ ಹೇಳಿದರು. ಕಟ್ಟೆಯ ಮೇಲೆ ನಿಂತು, ಪುಟಾಣಿಗೆ ಜೋಡಿ ಇಲ್ಲ, ಕಾವು ಕೆಡಿಸುವ ಮಾತು ಇನ್ನು ಯಾರೂ ಆಡಕೂಡದು ಎಂದು ಸಾರಿದರು. ದಸ್ತಗೀರ ಅಂದು ಮಾಡಿದ ಖಾರಾ ಬಿಸ್ಕತ್ತನ್ನೆಲ್ಲ ಬೀದಿಯಲ್ಲಿ ಹಂಚಿಬಿಟ್ಟ.

ಊರಿನ ಮಟ್ಟಿಗೆ ವಿಷಯ ಮುಗಿಯಿತು. ಗಂಗಮಾಳವ್ವನ ಮಟ್ಟಿಗೆ ಮುಗಿಯಲಿಲ್ಲ. ಅವಳು ದರ್ಜಿ. ಬಟ್ಟೆಯಲ್ಲಿ ಒಂದು ರೆಪ್ಪೆ ಹೊಲಿಯಬಹುದು ಎನ್ನುವುದು ಅವಳಿಗೆ ಹೊಳೆಯದೇ ಇದ್ದದ್ದಲ್ಲ. ಹೊಳೆದದ್ದನ್ನು ಹನ್ನೊಂದು ತಿಂಗಳು ಪಕ್ಕಕ್ಕೆ ಸರಿಸಿದ್ದಳು. ಆ ಕಣ್ಣು ಮುಚ್ಚಿದರೆ ತನ್ನ ಸೋಮವಾರಗಳೂ ಮುಚ್ಚುತ್ತವೆ ಎಂದು ಅವಳಿಗೆ ಗೊತ್ತಿತ್ತು. ಗೌಡರಿಗೆ ಬುದ್ಧಿ ಹೇಳಿದ ಬಾಯಿ ತನಗೂ ಹೇಳಿಕೊಳ್ಳಬೇಕಲ್ಲ. ಅವಳು ಮಿಷನ್ನಿನ ಮುಂದೆ ಕೂತಳು. ತೊಳೆದು ತೊಳೆದು ಮೆತ್ತಗಾದ ಮಲ್ ಬಟ್ಟೆಯ ಹಳೆಯ ಸೀರೆಯಿಂದ ಬಟಾಣಿ ಸಿಪ್ಪೆಯಷ್ಟು ತುಂಡು ತೆಗೆದಳು. ಮೊದಲನೆಯದನ್ನು ಪುಟಾಣಿ ಕಾಲಿನಿಂದ ಕೆರೆದು ಬಿಸಾಡಿತು. ಎರಡನೆಯದು ಬಲಗಣ್ಣಿಗೆ ಜಾರಿತು. ನಾಲ್ಕನೆಯದನ್ನು ಅದು ತಿಂದೇಬಿಟ್ಟಿತು. ಏಳನೆಯದಕ್ಕೆ ಕತ್ತಿನ ಹಿಂದೆ ಬಳಸಿ ಬರುವ ಸಡಿಲು ದಾರ, ಒಳಗೆ ನೀರು ಹಿಡಿಯುವ ಎಳೆಹತ್ತಿಯ ಪದರ, ಹೊರಗೆ ಅವಳ ಕೈ ಸುಮ್ಮನಿರಲಾರದೆ ಹಾಕಿದ ಒಂದೇ ಒಂದು ಕರಿಚುಕ್ಕೆ.

ಮರುದಿನ ಬೆಳಗ್ಗೆ ನಮ್ಮನ್ನೆಲ್ಲ ಕರೆದಳು. ಚಂಬವ್ವ, ದಸ್ತಗೀರ, ನಾನು, ಗೌಡರು ಉಸಿರು ಬಿಗಿಹಿಡಿದು ನಿಂತೆವು. ಅವಳು ರೆಪ್ಪೆಯನ್ನು ಒದ್ದೆ ಮಾಡಿ ಎಡಗಣ್ಣಿನ ಮೇಲೆ ಕೂರಿಸಿದಳು. ಪುಟಾಣಿ ಒಂದು ಕಾಲು ಎತ್ತಿತು. ಕೆರೆಯಲಿಲ್ಲ, ಇಳಿಸಿತು. ಸ್ವಲ್ಪ ಹೊತ್ತಿಗೆ ಬಲಗಣ್ಣಿನ ರೆಪ್ಪೆಯೂ ಕೆಳಗಿಳಿಯಿತು. ಅದರ ಹೊಟ್ಟೆ ನಿಧಾನ ಏರಿತು, ನಿಧಾನ ಇಳಿಯಿತು. ಹುಟ್ಟಿದಂದಿನಿಂದ ಮೊದಲ ಸಲ ಅದು ಪೂರ್ತಿ ಮಲಗಿತು. ದಸ್ತಗೀರ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ.

"ನಡೀರಿ, ಹೊರಗ ನಡೀರಿ" ಎಂದು ಗಂಗಮಾಳವ್ವ ನಮ್ಮನ್ನು ದಬ್ಬಿದಳು. ಬಾಗಿಲು ಎಳೆದುಕೊಂಡು ಅವಳ ಮನೆ ಮುಂದಿನ ಕಟ್ಟೆಯ ಮೇಲೆ ಎಲೆಅಡಿಕೆ ಮುಗಿಯುವಷ್ಟು ಹೊತ್ತು ಕೂತೆವು. ಆಮೇಲೆ ಅವಳು ಬಾಗಿಲು ತೆರೆದಳು. ಮನೆ ಬಟ್ಟಬಯಲು. ಹನ್ನೊಂದು ತಿಂಗಳು ಕಾಲು ಕಟ್ಟಿಹಾಕಿದ್ದ ಸಾಮಾನೆಲ್ಲ ಒಂದೇ ಏಟಿಗೆ ಎದ್ದು ಹೋಗಿತ್ತು. ಕತ್ತರಿ, ಇಸ್ತ್ರಿ, ಮಂಚ, ಹಂಡೆ, ಅರ್ಧ ಹೊಲಿದ ಹದಿನಾಲ್ಕು ರವಿಕೆ, ಗೋಡೆಯ ಮೊಳೆ ಕೂಡ. ಯಾವತ್ತೂ ಜಾಗ ಬಿಟ್ಟು ಕದಲದಿದ್ದ ಹೊಲಿಗೆ ಮಿಷನ್ ಸಹ ಇರಲಿಲ್ಲ. ಬರಿಯ ನೆಲದ ನಡುವೆ ಪುಟಾಣಿಯ ಪೆಟ್ಟಿಗೆ ಮಾತ್ರ.

ಗಂಗಮಾಳವ್ವ ಹೊಸ್ತಿಲಲ್ಲಿ ನಿಂತು ನೋಡಿದಳು. ಅಳುತ್ತಾಳೋ ಏನೋ ಎಂದು ನಾವು ಅಂದುಕೊಳ್ಳುವಷ್ಟರಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಸದ್ದಾಗಬಾರದೆಂದು ನುಂಗಿದ ನಗೆಗೆ ಅವಳ ಮೈಯೆಲ್ಲ ಕುಲುಕುತ್ತಿತ್ತು.

ಆ ಸಂಜೆಯ ಮರಳಿಸುವ ಹೊತ್ತನ್ನು ಊರು ಇನ್ನೂ ಮರೆತಿಲ್ಲ. ಎಲ್ಲ ಓಣಿಗಳಿಂದಲೂ ಜನ ಅವಳ ಮನೆಯ ಕಡೆಗೇ ಬಂದರು. ಒಬ್ಬರ ಕೈಯಲ್ಲಿ ಇಸ್ತ್ರಿ, ಒಬ್ಬರ ತಲೆಯ ಮೇಲೆ ಹಂಡೆ. ಮಂಚವನ್ನು ಪೈಲ್ವಾನ ಒಬ್ಬನೇ ಹೊತ್ತು ತಂದ, ಊಟದ ಹೊತ್ತಿಗೆ ಓಡಿದ್ದಕ್ಕೆ ಪ್ರಾಯಶ್ಚಿತ್ತವೋ ಏನೋ. ತಿನ್ನಲು ಕೊಡಲು ಅವಳ ಮನೆಯಲ್ಲಿ ಒಂದು ತಟ್ಟೆಯೂ ಇರಲಿಲ್ಲ. ಚಂಬವ್ವ ತನ್ನ ಮನೆಯಿಂದ ಹಬ್ಬಕ್ಕೆ ಮಾಡುವಷ್ಟು ಮಂಡಕ್ಕಿ ಕಲಸಿ ತಂದಳು. ಪುಟಾಣಿಯ ಕಣ್ಣು ಸಾಮಾನನ್ನು ಒಳಗೂ ಹೊರಗೂ ಬಿಡದೆ, ಹನ್ನೊಂದು ತಿಂಗಳಿಂದ ಮುಟ್ಟಿಸಲು ಯಾರೂ ಬಾರದ, ಯಾರಿಗೂ ಏನೂ ಮುಟ್ಟಿಸದ ಮನೆ ಅದು. ಹೆಂಗಸರು ನೆಲದ ಮೇಲೆ ಕೂತು ಮಾತಿಗೆ ತೊಡಗಿದರು, ಏಳುವ ಲಕ್ಷಣವೇ ಇರಲಿಲ್ಲ. "ನನ್ನ ರವಿಕಿ ಇನ್ನ ಯಾವಾಗವಾ?" ಎಂದು ಒಬ್ಬಳು ಕೇಳಿದಳು. "ನಿನ್ನ ಮೊಮ್ಮಗಳ ಮದಿವಿಗೆ" ಎಂದಳು ಗಂಗಮಾಳವ್ವ. ಮನೆಯೇ ಹಾರಿಹೋಗುವಂತೆ ನಕ್ಕು, ತಕ್ಷಣ ಎಲ್ಲರೂ ಬಾಯಿ ಮುಚ್ಚಿಕೊಂಡರು. ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ಊರಿನ ಹಲ್ಲಿಗಳೆಲ್ಲ ಎದ್ದು ಮಿಡತೆ ಹುಡುಕುತ್ತಿದ್ದವು. ಪುಟಾಣಿ ಮಾತ್ರ ಎದ್ದಿರಲಿಲ್ಲ.

ಎಲ್ಲರಿಗಿಂತ ಕೊನೆಗೆ ಭರಮಗೌಡರು ಬಂದರು. ಹೊಲಿಗೆ ಮಿಷನ್ ಸೇರಿದ್ದು ಅವರ ಮನೆಯ ಅಟ್ಟವನ್ನು. ಅಷ್ಟು ದೂರ ಅದನ್ನು ತಲೆಯ ಮೇಲೆ ಹೊತ್ತು, ಬೆವರಿನಲ್ಲಿ ಮಿಂದು, ಮೀಸೆ ಜೋತುಬಿದ್ದು, ಹೊಸ್ತಿಲಲ್ಲಿ ನಿಂತು ಏದುಸಿರು ಬಿಟ್ಟರು.

"ಎಲ್ಲಿ ಇಳಸ್ಲಿ ಗಂಗಮಾಳಾ ಇದನ್ನ?" ಎಂದು ಗುಡುಗಿದರು.

ಗಂಗಮಾಳವ್ವ ತುಟಿಯ ಮೇಲೆ ಬೆರಳಿಟ್ಟಳು.

"ಸಾವಕಾಶ ಇಳಸ್ರಿ ಗೌಡ್ರ" ಎಂದಳು. "ಪುಟಾಣಿ ಮಲಗೇತಿ."